ಕೆಳಗಿಳಿಯದ ಮೂವತ್ತೆರಡು ಮಕ್ಕಳು

ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಸ್ವಿಟ್ಜರ್ಲೆಂಡಿನಿಂದ ಒಂದು ಛಾಯಾಚಿತ್ರ ಕಳುಹಿಸಿದ. ಮಗಳು-ಅಳಿಯನ ಮನೆಗೆಂದು ಹೋದವನು ಅಲ್ಲಿನ ಗೆಲ್ಮರ್ ಎಂಬ ಬೆಟ್ಟದ ರೈಲನ್ನು ನೋಡಿ ಬೆರಗಾಗಿದ್ದಾನೆ. ಬಂಡೆಯ ಮೈಗೆ ಏಣಿ ಹಚ್ಚಿದಂತೆ ನಿಂತ ಹಳಿ, ಅದರ ಮೇಲೆ ಮೇಲ್ಛಾವಣಿಯಿಲ್ಲದ ಒಂದು ಬಂಡಿ, ಬಂಡಿಯಲ್ಲಿ ಸರಳನ್ನು ಗಟ್ಟಿಯಾಗಿ ಹಿಡಿದು ಕುಳಿತ ನಮ್ಮ ಸಿಂದಗಿಯ ಹುಡುಗ. (ಹುಡುಗನಿಗೆ ಈಗ ಅರವತ್ತು!) ಚಿತ್ರದ ಕೆಳಗೆ ಬರೆದಿದ್ದ: “ಸರ, ಇಂಥಾದ್ದು ನಮ್ಮ ದೇಶದಾಗ ಐತೇನ್ರಿ? ನೀವು ನೋಡೀರೇನ್ರಿ?”

ಐತಿ, ನೋಡೀನಿ ಎಂದು ಉತ್ತರಿಸಿದೆ. ಆದರೆ ಉತ್ತರ ಅಷ್ಟಕ್ಕೇ ಮುಗಿಯುವಂಥದಲ್ಲ. ನಾನದನ್ನು ನೋಡಿದ ರೀತಿಯಲ್ಲಿ ಒಂದು ತಪ್ಪಿದೆ. ನಲವತ್ತೇಳು ವರ್ಷಗಳಿಂದ ಅದನ್ನು ಯಾರಿಗೂ ಹೇಳಿಲ್ಲ. ಈ ಪುಟಗಳನ್ನು ಓದುವವರಲ್ಲಿ ಕೆಲವರು ಆ ದಿನ ನನ್ನ ಜೊತೆಗೇ ಇದ್ದವರು. ಆದ್ದರಿಂದ ಇಲ್ಲಿಯೇ ಹೇಳುವುದು ಸರಿ.

ಮೊದಲು ಆ ರೈಲಿನ ವಿಷಯ. ಗೆಲ್ಮರ್ ರೈಲನ್ನು ಪ್ರವಾಸಿಗರಿಗಾಗಿ ಕಟ್ಟಿದ್ದಲ್ಲ. 1926ರಲ್ಲಿ ಜಲವಿದ್ಯುತ್ ಯೋಜನೆಯ ಅಣೆಕಟ್ಟು ಕಟ್ಟುವುದಕ್ಕೆ ಬೇಕಾದ ಸಾಮಗ್ರಿಯನ್ನು ಬೆಟ್ಟದ ಮೇಲಕ್ಕೆ ಸಾಗಿಸಲು ಅದನ್ನು ಹಾಕಿದರು. ಉದ್ದ 1028 ಮೀಟರ್, ಏರುವ ಎತ್ತರ 448 ಮೀಟರ್. ಅತಿ ಕಡಿದಾದ ಜಾಗದಲ್ಲಿ ಅದರ ಏರು ಶೇಕಡಾ 106. ಅಂದರೆ ನೂರು ಮೀಟರ್ ಮುಂದೆ ಹೋಗುವಷ್ಟರಲ್ಲಿ ನೂರಾ ಆರು ಮೀಟರ್ ಮೇಲೆ ಏರುತ್ತದೆ. ನೂರಕ್ಕೆ ನೂರಾದರೆ ಕೋನ 45 ಡಿಗ್ರಿ ಎಂಬುದನ್ನು ನನ್ನ ಗಣಿತದ ತರಗತಿಯಲ್ಲಿ ನಿದ್ದೆ ಮಾಡದವರು ನೆನಪಿಟ್ಟಿರಬಹುದು. ಇದು ಅದಕ್ಕಿಂತಲೂ ಕಡಿದು. ಎಪ್ಪತ್ತೈದು ವರ್ಷ ಕೆಲಸದವರ ಪಾಲಿಗಷ್ಟೇ ಇದ್ದ ಆ ರೈಲನ್ನು 2001ರಲ್ಲಿ ಸಾರ್ವಜನಿಕರಿಗೆ ತೆರೆದರು.

ಇಂಥ ರೈಲು ನಡೆಯುವ ಬಗೆಯನ್ನು ತಿಳಿಯಲು ಸ್ವಿಟ್ಜರ್ಲೆಂಡಿಗೆ ಹೋಗಬೇಕಿಲ್ಲ. ನಮ್ಮ ಹಿರಿಯರ ಕಪಿಲೆಯನ್ನು ನೆನೆದರೆ ಸಾಕು. ಬಾವಿಯ ದಂಡೆಯಿಂದ ಹೊಲದ ಕಡೆಗೆ ಒಂದು ಇಳಿಜಾರು ಹಾದಿ ಇರುತ್ತಿತ್ತು. ಎತ್ತುಗಳು ಆ ಇಳಿಜಾರಿನಲ್ಲಿ ಕೆಳಗೆ ನಡೆದಂತೆ ಹಗ್ಗ ಗಡಗಡೆಯ ಮೇಲೆ ಹಾಯ್ದು, ತೊಗಲಿನ ಚೀಲ ನೀರು ತುಂಬಿಕೊಂಡು ಮೇಲೆ ಬರುತ್ತಿತ್ತು. ಎತ್ತಿನ ಬಲದ ಜೊತೆಗೆ ಅದರ ಮೈತೂಕವೂ ದುಡಿಯಲೆಂದೇ ಹಾದಿಯನ್ನು ಇಳಿಜಾರು ಮಾಡಿದ್ದರು. ಬೆಟ್ಟದ ರೈಲಿನಲ್ಲಿಯೂ ತತ್ತ್ವ ಅದೇ. ಒಂದೇ ಉಕ್ಕಿನ ಹಗ್ಗದ ಎರಡು ತುದಿಗೆ ಎರಡು ಬಂಡಿ ಕಟ್ಟಿದರೆ, ಇಳಿಯುವ ಬಂಡಿಯ ತೂಕ ಏರುವ ಬಂಡಿಯನ್ನು ಎಳೆಯುತ್ತದೆ. ಯಂತ್ರವು ವ್ಯತ್ಯಾಸವನ್ನಷ್ಟೇ ತುಂಬಿಕೊಟ್ಟರಾಯಿತು. ಒಂದೇ ಬಂಡಿಯಿದ್ದಲ್ಲಿ ಮೇಲ್ಗಡೆ ದೊಡ್ಡದೊಂದು ಉರುಳೆಯಿಟ್ಟು, ಹಗ್ಗವನ್ನು ಅದಕ್ಕೆ ಸುತ್ತುತ್ತ ಬಿಚ್ಚುತ್ತ ಬಂಡಿಯನ್ನು ಏರಿಸಿ ಇಳಿಸುತ್ತಾರೆ. ನಮ್ಮ ನಾಡಿನ ವಿದ್ಯುದಾಗಾರಗಳಲ್ಲಿ ಇದಕ್ಕೆ ‘ಟ್ರಾಲಿ’ ಎಂದೇ ಹೆಸರು.

ವಿದ್ಯುದಾಗಾರಕ್ಕೆ ಟ್ರಾಲಿ ಏಕೆ ಬೇಕು? ನೀರು ಎಷ್ಟು ಎತ್ತರದಿಂದ ಬಿದ್ದರೆ ಅಷ್ಟು ಶಕ್ತಿ. ಹಾಗಾಗಿ ನೀರಿನ ಸಂಗ್ರಹ ಬೆಟ್ಟದ ಮೇಲಿರುತ್ತದೆ, ಯಂತ್ರಗಳು ಕಣಿವೆಯ ತಳದಲ್ಲಿರುತ್ತವೆ. ನಡುವೆ ಕಡಿದಾದ ಬಂಡೆ. ಟನ್ನುಗಟ್ಟಲೆ ತೂಕದ ಚಕ್ರ, ಕೊಳವೆ, ಜನರೇಟರುಗಳನ್ನು ತಲೆಹೊರೆಯ ಮೇಲೆ ಇಳಿಸಲಾಗುವುದಿಲ್ಲ. ಆದ್ದರಿಂದ ಮೊದಲು ಹಳಿ ಹಾಕುತ್ತಾರೆ, ಆಮೇಲೆ ವಿದ್ಯುದಾಗಾರ ಕಟ್ಟುತ್ತಾರೆ. ಕಟ್ಟಡ ಮುಗಿದ ಮೇಲೆ ಅದೇ ಟ್ರಾಲಿಯಲ್ಲಿ ಪಾಳಿಯ ನೌಕರರು ಏರಿಳಿಯುತ್ತಾರೆ.

ಕರ್ನಾಟಕದಲ್ಲಿ ಈ ಕಥೆ ಶಿವನಸಮುದ್ರದಿಂದ ಆರಂಭವಾಗುತ್ತದೆ. ದಿವಾನ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೆಲಸ ಶುರುವಾಗಿ, 1902ರ ಜೂನ್ 30ರಂದು ಕಾವೇರಿಯ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಹರಿಯಿತು. ಬೆಂಗಳೂರಿನ ಬೀದಿಗಳಿಗೆ ದೀಪ ಬಂದದ್ದು 1905ರಲ್ಲಿ. ಮೊದಲು ಬೆಳಗಿದ್ದು ಗಣಿ, ಆಮೇಲೆ ಊರು ಎಂಬುದನ್ನು ಗಮನಿಸಿರಿ. ಆ ಯೋಜನೆಗೆ ಒತ್ತಾಸೆಯಾಗಿ ನಿಂತ ದಿವಾನರು 1901ರಲ್ಲಿಯೇ ತೀರಿಕೊಂಡಿದ್ದರು. ಆ ಬೆಳಕನ್ನು ಅವರು ಕಾಣಲಿಲ್ಲ. ಅಲ್ಲಿಯೂ ಕೊಳವೆಗಳ ಪಕ್ಕದಲ್ಲಿ ಹಳಿ ಹಾಕಿ ಟ್ರಾಲಿ ಇಳಿಸಿದ್ದರು. ಇನ್ನೊಂದು ಜೋಗ. ಮಹಾಯುದ್ಧದ ವರ್ಷಗಳನ್ನು ದಾಟಿ 1948ರ ಫೆಬ್ರವರಿಯಲ್ಲಿ ಅಲ್ಲಿನ ವಿದ್ಯುದಾಗಾರ ಚಾಲನೆಗೊಂಡಿತು. ಆಮೇಲೆ ಅದಕ್ಕೆ ಮಹಾತ್ಮಾ ಗಾಂಧಿಯವರ ಹೆಸರಿಟ್ಟರು. ನಾನು ಕಂಡದ್ದು ಈ ಜೋಗದ ಟ್ರಾಲಿಯನ್ನು.

1978ರ ಡಿಸೆಂಬರ್. ಒಂಬತ್ತನೆಯ ತರಗತಿಯ ನಲವತ್ತು ಮಕ್ಕಳು, ಮೂವರು ಶಿಕ್ಷಕರು, ಬಾಡಿಗೆಗೆ ಪಡೆದ ಒಂದು ಸರಕಾರಿ ಬಸ್ಸು. ಖಟಕ ರೊಟ್ಟಿ, ಶೇಂಗಾ ಹಿಂಡಿಯ ಗಂಟು ಕಟ್ಟಿಕೊಂಡು ಸಿಂದಗಿಯಿಂದ ಹೊರಟು, ವಿಜಾಪುರ, ಹುಬ್ಬಳ್ಳಿ, ಶಿರಸಿಯ ಮೇಲೆ ಜೋಗ ತಲುಪಿದೆವು. ಶಿರಸಿ ದಾಟಿದ ಮೇಲೆ ಕಾಡು ಶುರುವಾದಾಗ ಮಕ್ಕಳು ಮಾತು ನಿಲ್ಲಿಸಿಬಿಟ್ಟರು. ಕಣ್ಣು ಹರಿದಷ್ಟು ದೂರ ಬಿಳಿಜೋಳದ ಹೊಲವನ್ನಷ್ಟೇ ಕಂಡವರಿಗೆ ಆಕಾಶವೇ ಕಾಣದಂಥ ಊರುಗಳಿರುತ್ತವೆ ಎಂಬುದು ಹೊಸ ಸಂಗತಿ. ಆ ದಿನಗಳಲ್ಲಿ ರಾಜ್ಯದ ವಿದ್ಯುತ್ತಿನ ಬಹುಪಾಲು ಶರಾವತಿಯಿಂದಲೇ ಬರುತ್ತಿತ್ತು. ಸಿಂದಗಿಯಲ್ಲಿ ಮಿಣುಕುತ್ತಿದ್ದ ದೀಪದ ಮೂಲವನ್ನು ಮಕ್ಕಳಿಗೆ ತೋರಿಸಬೇಕೆಂಬುದು ವಿಜ್ಞಾನದ ಮಾಸ್ತರನಾದ ನನ್ನ ಹಟವಾಗಿತ್ತು.

ಮುಂಚಿತವಾಗಿ ಪತ್ರ ಬರೆದು ಅನುಮತಿ ಕೇಳಿದ್ದೆ. ಸಿಕ್ಕಿದ್ದು ಒಬ್ಬ ಶಿಕ್ಷಕ, ಎಂಟು ವಿದ್ಯಾರ್ಥಿಗಳಿಗೆ. ಅಷ್ಟು ಸಿಕ್ಕಿದ್ದೇ ದೊಡ್ಡದು. ಯಾವ ಎಂಟು ಮಂದಿ ಎಂಬ ಪ್ರಶ್ನೆ ಬಂದಾಗ ನಾನು ಹೆಚ್ಚು ಯೋಚಿಸಲಿಲ್ಲ. ಅರ್ಧವಾರ್ಷಿಕ ಪರೀಕ್ಷೆಯ ಅಂಕಪಟ್ಟಿ ತೆಗೆದೆ, ಮೇಲಿನಿಂದ ಎಂಟು ಹೆಸರು ಓದಿದೆ. ನಾಲ್ಕನೆಯ ಹೆಸರು ಒಬ್ಬ ಹುಡುಗಿಯದು. “ಇಳಿಜಾರು ಐತಿ, ಹುಡುಗ್ಯಾರು ಅಂಜ್ತಾರ” ಎಂದು ನಾನೇ ತೀರ್ಮಾನಿಸಿ ಅವಳನ್ನು ಬಿಟ್ಟು ಒಂಬತ್ತನೆಯವನನ್ನು ಸೇರಿಸಿಕೊಂಡೆ. ಅಂಜಿಕೆಯಿದೆಯೇ ಎಂದು ಅವಳನ್ನು ಕೇಳಲೂ ಇಲ್ಲ.

ಪಟ್ಟಿಯಲ್ಲಿ ಎಲ್ಲಿಯೋ ಕೆಳಗೆ ಇನ್ನೊಬ್ಬ ಹುಡುಗನಿದ್ದ. ಬಸವನ ಬಾಗೇವಾಡಿ ತಾಲೂಕಿನ ಕೃಷ್ಣಾ ದಂಡೆಯ ಊರಿನವನು. ಸೋದರಮಾವನ ಮನೆಯಲ್ಲಿದ್ದುಕೊಂಡು ಸಿಂದಗಿಯಲ್ಲಿ ಓದುತ್ತಿದ್ದ. ಓದಿನಲ್ಲಿ ಸಾಧಾರಣ. ಆದರೆ ಜೋಳದ ದಂಟಿನಿಂದ ನೀರಿನ ಚಕ್ರ ಮಾಡಿ, ಶಾಲೆಯ ನೀರಿನ ಟಾಕಿಯ ನಲ್ಲಿಯ ಕೆಳಗೆ ಹಿಡಿದು ತಿರುಗಿಸಿ ತೋರಿಸಿದವನು ಆ ತರಗತಿಯಲ್ಲಿ ಅವನೊಬ್ಬನೇ. ಅವನು ನನ್ನ ಬಳಿ ಬಂದು ಮೆಲ್ಲಗೆ, “ಸರ, ಚಕ್ರ ಒಂದ ನೋಡಿ ಬರ್ತೀನ್ರಿ” ಎಂದ. “ಮುಂದಿನ ಸಲ ನೋಡೋಣೋ” ಎಂದೆ. ಮುಂದಿನ ಸಲವಿಲ್ಲವೆಂಬುದು ನನಗೂ ಗೊತ್ತಿತ್ತು, ಬಹುಶಃ ಅವನಿಗೂ.

ಟ್ರಾಲಿ ಇಳಿಯತೊಡಗಿದಾಗ ಮೊದಲು ಹೊಟ್ಟೆಯಲ್ಲೊಂದು ತಣ್ಣನೆಯ ಭಾವ. ಕಾಲ ಕೆಳಗೆ ಸಾವಿರ ಅಡಿಗೂ ಮೀರಿದ ಆಳ. ಪಕ್ಕದಲ್ಲಿ ದೈತ್ಯ ಕೊಳವೆಗಳು, ಅವುಗಳೊಳಗೆ ನಮಗಿಂತ ವೇಗವಾಗಿ ಇಳಿಯುತ್ತಿದ್ದ, ಕಣ್ಣಿಗೆ ಕಾಣದ ನೀರು. ಹಗ್ಗದ ಕಿರುಗುಟ್ಟುವಿಕೆ ಬಿಟ್ಟರೆ ಬೇರೆ ಸದ್ದಿಲ್ಲ. ತಳ ಮುಟ್ಟಿ ವಿದ್ಯುದಾಗಾರದೊಳಗೆ ಕಾಲಿಟ್ಟಾಗ ನೆಲವೇ ಸಣ್ಣಗೆ ನಡುಗುತ್ತಿತ್ತು. ಎಂಟು ಯಂತ್ರಗಳು, ಒಟ್ಟು ಸಾಮರ್ಥ್ಯ 120 ಮೆಗಾವ್ಯಾಟ್. ಅಲ್ಲಿನ ಹಿರಿಯ ನೌಕರರೊಬ್ಬರು ಪ್ರೀತಿಯಿಂದ ಎಲ್ಲವನ್ನೂ ವಿವರಿಸಿದರು. ಸಣ್ಣ ಮೂತಿಯಿಂದ ಚಿಮ್ಮುವ ನೀರು, ಚಕ್ರದ ಅಂಚಿಗೆ ಸಾಲಾಗಿ ಜೋಡಿಸಿದ ಬಟ್ಟಲುಗಳಿಗೆ ಬಡಿದು ಚಕ್ರವನ್ನು ತಿರುಗಿಸುತ್ತದೆ. ಪೆಲ್ಟನ್ ಚಕ್ರ ಎಂದು ಪಠ್ಯದಲ್ಲಿ ಓದಿಸಿದ್ದೆನಲ್ಲ, ಅದೇ.

ಮೇಲೆ ಬಂದಾಗ ಮೂವತ್ತೆರಡು ಮಕ್ಕಳು ಬಸ್ಸಿನ ನೆರಳಿನಲ್ಲಿ ಸಾಲಾಗಿ ಕುಳಿತಿದ್ದರು. ಆ ಹುಡುಗ ಎದ್ದು ಬಂದು ಕೇಳಿದ: “ಸರ, ಚಕ್ರ ತಿರಗೂದು ಕಾಣತೈತೇನ್ರಿ?” “ಕಾಣೂದಿಲ್ಲೋ, ಮುಚ್ಚಿರ್ತಾರ. ಆದ್ರ ಕಾಲಾಗ ಗೊತ್ತಾಗತೈತಿ” ಎಂದೆ. ಅವನು ತನ್ನ ಬರಿಗಾಲನ್ನು ಒಮ್ಮೆ ನೋಡಿಕೊಂಡ.

ಹುಡುಗ ಮುಂದೆ ಐಟಿಐ ಮಾಡಿ ಲೈನ್‌ಮನ್ ಆದ. 2006ರಲ್ಲಿ ನಾನು ನಿವೃತ್ತನಾದಾಗ ಹಾರ ಹಿಡಿದು ಬಂದಿದ್ದ. ಅಷ್ಟರಲ್ಲಿ ಅವನ ಊರು ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿ, ಮನೆಮಂದಿಯೆಲ್ಲ ಪುನರ್ವಸತಿ ಕೇಂದ್ರದಲ್ಲಿದ್ದರು. ಆ ಹೊಸ ಊರಿನ ಬೀದಿಗಳಿಗೆ ತಂತಿ ಎಳೆದವರಲ್ಲಿ ತಾನೂ ಒಬ್ಬನೆಂದು ಹೆಮ್ಮೆಯಿಂದ ಹೇಳಿದ. ಹೋಗುವ ಮುನ್ನ ನಗುತ್ತಲೇ ಅಂದ: “ಇಪ್ಪತ್ತ ವರ್ಷ ಆತ್ರಿ ಸರ, ಕಂಬ ಹತ್ತೀನ್ರಿ. ಕೆಳಗ ಇಳೀಲೇ ಇಲ್ರಿ.” ನಿಂದೆಯ ಮಾತಲ್ಲ ಅದು. ಆದರೂ ಆ ದಿನ ಹಾಕಿದ ಹಾರಗಳಲ್ಲಿ ಅವನದೇ ನನಗೆ ಭಾರವೆನಿಸಿತು.

ಇಷ್ಟು ಹೇಳಿದ ಮೇಲೆ ಈಗ ನನ್ನ ಅಭಿಪ್ರಾಯಕ್ಕೆ ಬರುತ್ತೇನೆ. ನಮ್ಮ ವಿದ್ಯುದಾಗಾರಗಳ ಟ್ರಾಲಿಗಳು, ಆ ಇಳಿಜಾರುಗಳು, ಮೇಲ್ಗಡೆಯ ಉರುಳೆಮನೆಗಳು ಇವು ಶಾಲಾಮಕ್ಕಳಿಗೆ ತೆರೆದಿರಬೇಕು. ಸಂಭ್ರಮದ ಸವಾರಿಗಾಗಿ ಅಲ್ಲ. ತಮ್ಮ ಮನೆಯ ದೀಪಕ್ಕೆ ಏನು ಬೆಲೆ ತೆತ್ತಿದೆ ಎಂಬುದು ಅವರಿಗೆ ತಿಳಿಯಲೆಂದು.

ಬೆಲೆ ಎಂದೆನಲ್ಲ, ಅದರ ಲೆಕ್ಕವನ್ನು ಮಾಡೋಣ. ಒಂದು ಕೊಡ ನೀರು, ಅಂದರೆ ಹತ್ತು ಲೀಟರ್, 350 ಮೀಟರ್ ಕೆಳಗೆ ಬಿದ್ದರೆ ದೊರೆಯುವ ಶಕ್ತಿ ಸುಮಾರು 34 ಸಾವಿರ ಜೂಲ್. ನಾನು ಪಾಠ ಹೇಳುತ್ತಿದ್ದ ಕಾಲದ 60 ವ್ಯಾಟಿನ ಬಲ್ಬನ್ನು ಅದು ಒಂಬತ್ತು ನಿಮಿಷ ಉರಿಸುತ್ತಿತ್ತು. ಇಂದಿನ 9 ವ್ಯಾಟಿನ ಎಲ್‌ಇಡಿ ದೀಪವನ್ನಾದರೆ ಹೆಚ್ಚುಕಡಿಮೆ ಒಂದು ಗಂಟೆ. ಇನ್ನು ಅದೇ ನೀರು ಬಯಲುಸೀಮೆಯ ಅಣೆಕಟ್ಟಿನ ಬುಡದಲ್ಲಿ ಬರೀ 25 ಮೀಟರ್ ಬಿದ್ದರೆ? ಅದೇ ದೀಪಕ್ಕೆ ಅದೇ ಒಂದು ಗಂಟೆಗೆ ಹದಿನಾಲ್ಕು ಕೊಡ ಬೇಕು. ನಮ್ಮ ಆಲಮಟ್ಟಿಯ 290 ಮೆಗಾವ್ಯಾಟ್ ವಿದ್ಯುದಾಗಾರಕ್ಕೆ ಟ್ರಾಲಿ ಇಲ್ಲದಿರುವ ಕಾರಣ ಇದೇ. ಇಳಿಯಲು ಅಲ್ಲಿ ಬೆಟ್ಟವೇ ಇಲ್ಲ. ಎತ್ತರ ಕೊಡದ ಬಯಲಿನಲ್ಲಿ ನೀರು ಹರಡಿ ನಿಲ್ಲುತ್ತದೆ. ಆಲಮಟ್ಟಿ ಮುಖ್ಯವಾಗಿ ನೀರಾವರಿಯ ಅಣೆಕಟ್ಟು ಎಂಬುದು ನಿಜ. ಆದರೆ ಅದರ ನೀರು ಹೊಲಕ್ಕೆ ಹೋಗಲಿ, ಯಂತ್ರಕ್ಕೆ ಹೋಗಲಿ, ಅದು ನಿಂತಿರುವುದು ಯಾರದೋ ಊರಿನ ಮೇಲೆ.

ಬೆಟ್ಟವಿದ್ದ ಕಡೆಯೂ ನೆಲ ಉಳಿಯಲಿಲ್ಲ. 1964ರಲ್ಲಿ ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಬಂದಾಗ ಮಲೆನಾಡಿನ ಎಷ್ಟೋ ಊರುಗಳು ಮುಳುಗಿದವು. ಹಿನ್ನೀರಿನಾಚೆ ಉಳಿದ ತುಮರಿ ಸೀಮೆಯವರು ಲಾಂಚನ್ನೇ ನಂಬಿ ಬದುಕಿದರು. ಸಿಗಂದೂರಿನ ಸೇತುವೆ ಅವರಿಗೆ ದೊರೆತದ್ದು 2025ರ ಜುಲೈ 14ರಂದು, ಅಂದರೆ ಅರವತ್ತೊಂದು ವರ್ಷಗಳ ಮೇಲೆ. ಅದೇ 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಗೆ ಅಡಿಗಲ್ಲು ಹಾಕಿದರು. ಅಲ್ಲಿ ಮುಳುಗಿದವರ ಬೆಳಕಿನಲ್ಲಿ ನಾವು ಓದಿದೆವು, ಆಮೇಲೆ ನಮ್ಮವರ ಸರದಿ ಬಂತು. ಈಗ ಆಲಮಟ್ಟಿಯ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಯೋಜನೆಯಿದೆ. ಅದರಿಂದ ಇನ್ನೂ ಸುಮಾರು 75 ಸಾವಿರ ಎಕರೆ ಮುಳುಗಲಿದೆ. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಂಪುಟವು ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣ ಜಮೀನಿಗೆ 30 ಲಕ್ಷ ರೂಪಾಯಿ ಪರಿಹಾರವನ್ನು ಗೊತ್ತುಪಡಿಸಿತು. ಅಣೆಕಟ್ಟು ಬೇಡವೆನ್ನುವವನು ನಾನಲ್ಲ. ಬರಗಾಲದ ನಾಡಿನಲ್ಲಿ ಹುಟ್ಟಿದವನಿಗೆ ಕಾಲುವೆಯ ನೀರೆಂದರೇನೆಂದು ಗೊತ್ತು. ಆದರೆ ಕೊಡುವವರು ಯಾರು, ಪಡೆಯುವವರು ಯಾರು ಎಂಬುದನ್ನು ಪಡೆಯುವವರ ಮಕ್ಕಳು ಅರಿಯದಿದ್ದರೆ ಪರಿಹಾರವೆಂಬುದು ಬರೀ ಅಂಕಿಯಾಗಿ ಉಳಿಯುತ್ತದೆ.

ಇಂದಿನ ಶಾಲಾ ಪ್ರವಾಸಗಳನ್ನು ನೋಡಿರಿ. ಸಿಂದಗಿ, ಇಂಡಿ, ಮುದ್ದೇಬಿಹಾಳದ ಮಕ್ಕಳು ಬಸ್ಸು ತುಂಬಿ ಆಲಮಟ್ಟಿಗೆ ಹೋಗುತ್ತಾರೆ. ರಾಕ್ ಗಾರ್ಡನ್ ನೋಡುತ್ತಾರೆ, ಸಂಗೀತ ಕಾರಂಜಿ ನೋಡುತ್ತಾರೆ, ಐಸ್‌ಕ್ರೀಮ್ ತಿಂದು ಮರಳುತ್ತಾರೆ. ನನ್ನ ಮೊಮ್ಮಗಳೂ ಹಾಗೆಯೇ ಹೋಗಿ ಬಂದಳು. “ಕರೆಂಟು ಎಲ್ಲಿ ತಯಾರ ಆಗತೈತಿ, ನೋಡಿದಿಯೇನವಾ?” ಎಂದು ಕೇಳಿದೆ. “ಅದು ಸ್ವಿಚ್ಚಿನಾಗ ಬರತೈತಲ್ಲ ಅಜ್ಜಾ” ಎಂದಳು. ನಕ್ಕೆ. ಆದರೆ ಅದು ಅವಳೊಬ್ಬಳ ಉತ್ತರವಲ್ಲ.

ಇದಕ್ಕೆ ಬರುವ ಆಕ್ಷೇಪಣೆಗಳು ನನಗೆ ಗೊತ್ತು. ವಿದ್ಯುದಾಗಾರಗಳು ಕಾವಲಿರಬೇಕಾದ ಸ್ಥಳಗಳು, ಯಾರೆಂದರೆ ಅವರನ್ನು ಒಳಬಿಡಲಾಗದು. ಒಪ್ಪುತ್ತೇನೆ. ಎರಡನೆಯದು ಇದಕ್ಕಿಂತ ದೊಡ್ಡದು. 2025ರ ಸೆಪ್ಟೆಂಬರ್ 3ರಂದು ಪೋರ್ಚುಗಲ್ ದೇಶದ ಲಿಸ್ಬನ್ ನಗರದಲ್ಲಿ, 1885ರಿಂದ ಓಡುತ್ತಿದ್ದ ಗ್ಲೋರಿಯಾ ಎಂಬ ಹಗ್ಗದ ರೈಲಿನ ಹಗ್ಗ ಕಳಚಿ ಹದಿನಾರು ಜನ ಸತ್ತರು. ಪ್ರಯಾಣಿಕರ ವಾಹನಕ್ಕೆ ಬಳಸಲು ಪ್ರಮಾಣೀಕರಿಸದ ಹಗ್ಗವನ್ನು ಅಲ್ಲಿ ಹಾಕಿದ್ದರೆಂದು ತನಿಖೆಯ ಮೊದಲ ವರದಿಗಳು ಹೇಳಿದವು. ಜನ ಓಡಾಡುವ ದೊಡ್ಡ ನಗರದಲ್ಲಿಯೇ ಹೀಗಾದರೆ, ಸಾಮಾನು ಇಳಿಸಲೆಂದು ಹಾಕಿದ ಹಳೆಯ ಹಳಿಯ ಮೇಲೆ ಮಕ್ಕಳನ್ನು ಕೂರಿಸಿ ಎನ್ನುವ ಹಕ್ಕು ನನಗಿಲ್ಲ. 1978ರಲ್ಲಿ ಆ ಹಗ್ಗದ ತಪಾಸಣೆ ಯಾವಾಗ ಆಯಿತೆಂದು ನಾನು ಕೇಳಲಿಲ್ಲ. ಇಂದಾದರೆ ಅದನ್ನೇ ಮೊದಲು ಕೇಳುತ್ತಿದ್ದೆ.

ಆದ್ದರಿಂದ ನನ್ನ ಬೇಡಿಕೆ ಚಿಕ್ಕದು. ಹಗ್ಗ, ಬ್ರೇಕು, ಹಳಿ ಇವು ಪ್ರಯಾಣಿಕರಿಗೆ ಯೋಗ್ಯವೆಂದು ತಜ್ಞರು ಬರೆದುಕೊಟ್ಟ ಕಡೆ, ತಿಂಗಳಿಗೊಂದು ದಿನ ಶಾಲೆಗಳಿಗೆ ಮೀಸಲಿಡಲಿ. ಯೋಗ್ಯವಲ್ಲದ ಕಡೆ ಮಕ್ಕಳು ಮೇಲೆಯೇ ನಿಂತು ಆ ಇಳಿಜಾರನ್ನು ನೋಡಲಿ, ಉರುಳೆ ತಿರುಗುವುದನ್ನು ನೋಡಲಿ, ಯಂತ್ರದ ಮಾದರಿಯೊಂದನ್ನು ಮುಟ್ಟಿ ತಿರುಗಿಸಲಿ. ಟ್ರಾಲಿಯಿರಲಿ, ಆಲಮಟ್ಟಿಯಂತೆ ಇಲ್ಲದಿರಲಿ, ಪ್ರತಿಯೊಂದು ವಿದ್ಯುದಾಗಾರದ ಬಾಗಿಲಲ್ಲಿ ಒಂದು ಕಲ್ಲು ನಿಲ್ಲಿಸಿ, ಆ ನೀರಿನಡಿ ಮುಳುಗಿದ ಊರುಗಳ ಹೆಸರುಗಳನ್ನೂ ಕಟ್ಟುವಾಗ ಸತ್ತ ಕೆಲಸಗಾರರ ಹೆಸರುಗಳನ್ನೂ ಕೆತ್ತಿಸಲಿ. ಉದ್ಘಾಟಿಸಿದವರ ಹೆಸರಿನ ಕಲ್ಲುಗಳು ಎಲ್ಲೆಡೆ ಇವೆ. ಅವುಗಳ ಪಕ್ಕದಲ್ಲಿ ಇದಕ್ಕೂ ಜಾಗವಿದ್ದೀತು.

ಕೊನೆಯ ಮಾತು ಶಿಕ್ಷಕರಾಗಿರುವ ನನ್ನ ವಿದ್ಯಾರ್ಥಿಗಳಿಗೆ. ನಲವತ್ತು ಮಕ್ಕಳಿಗೆ ಎಂಟೇ ಜಾಗ ಎಂಬ ಸಂದರ್ಭ ನಿಮಗೂ ಬರುತ್ತದೆ. ಆಗ ಅಂಕಪಟ್ಟಿಯನ್ನು ತೆಗೆಯಬೇಡಿರಿ. ಚೀಟಿ ಎತ್ತಿರಿ. ಅದಕ್ಕೂ ಮೊದಲು, ಯಾರಿಗೆ ನೋಡುವ ಆಸೆಯಿದೆ ಎಂದು ಕೇಳಿರಿ. ಹೆಚ್ಚು ಅಂಕ ಪಡೆದವನು ಚಕ್ರದ ಚಿತ್ರವನ್ನು ಪುಸ್ತಕದಿಂದಲೂ ಬರೆದಾನು. ನಾನು ಕರೆದೊಯ್ದ ಎಂಟು ಮಂದಿಯಲ್ಲಿ ಇಬ್ಬರು ಇಳಿಯುವಾಗ ಕಣ್ಣು ಮುಚ್ಚಿಕೊಂಡಿದ್ದರೆಂಬುದನ್ನು ಅವರೇ ಆಮೇಲೆ ಒಪ್ಪಿಕೊಂಡಿದ್ದಾರೆ. ನಾಲ್ಕನೆಯ ಹೆಸರಿನ ಆ ಹುಡುಗಿ ಇದನ್ನು ಓದುತ್ತಿದ್ದರೆ, ತಂಗೀ, ನಿನ್ನನ್ನು ಕೇಳದೆಯೇ ಅಂಜುಬುರುಕಿ ಮಾಡಿದ್ದಕ್ಕೆ ಕ್ಷಮೆಯಿರಲಿ.

ಲೈನ್‌ಮನ್ ಶಿಷ್ಯನೂ ಈಗ ನಿವೃತ್ತ. ಮೊನ್ನೆ ಅವನಿಗೆ ಫೋನು ಮಾಡಿ, ಜೋಗಕ್ಕೆ ಹೋಗೋಣವೇ ಎಂದು ಕೇಳಿದೆ. ಅನುಮತಿಗಾಗಿ ಈ ವಾರ ಅರ್ಜಿ ಬರೆಯುವವನಿದ್ದೇನೆ. ಈ ಸಲ ಪಟ್ಟಿಯಲ್ಲಿ ಒಂದೇ ಹೆಸರಿದೆ, ಅದು ನನ್ನದಲ್ಲ. ನಾನು ಮೇಲೆ ಬಸ್ಸಿನ ನೆರಳಿನಲ್ಲಿ ಕುಳಿತಿರುತ್ತೇನೆ. ಅವನು ಬಂದ ಮೇಲೆ ಕೇಳುವುದಿದೆ.